ಮೇಷ್ಟ್ರ ತೋಳು, ಮೇಷ್ಟ್ರ ಸಹಿ

ಫಾರ್ಮಸಿ ಕಾಲೇಜಿನ ಮೇಷ್ಟ್ರಿಗೆ ಬೆಳಗಿನಿಂದ ತಲೆ ಗಿರ್ರೆನ್ನುತ್ತಿತ್ತು. ರಜೆ ಕೇಳಿದರೆ ಪ್ರಿನ್ಸಿಪಾಲರು ಕಾಗದದಿಂದ ಕಣ್ಣೆತ್ತಲಿಲ್ಲ.

"ಅಟೆಂಡರ್ ಆಗ್ಲೇ ತಲೆಸುತ್ತು ಅಂತ ರಜೆ ಹಾಕಿದಾನೆ. ದಿನಕ್ಕೆ ಒಂದೇ ತಲೆ ಸುತ್ತಲಿ ಮೇಷ್ಟ್ರೇ. ಪ್ರಾಕ್ಟಿಕಲ್ ಮುಗಿಸಿ, ಆಮೇಲೆ ನೋಡೋಣ."

ಅಂದಿನ ಪಾಠ ಬಿಪಿ ನೋಡುವುದು. ಪ್ರತಿವರ್ಷ ಪೇಷಂಟಾಗಿ ಮಲಗುತ್ತಿದ್ದವನು ಅದೇ ಅಟೆಂಡರ್. ಖಾಲಿ ಮಂಚ ಕಂಡು ಮೇಷ್ಟ್ರಿಗೆ ಆಸೆಯಾಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದುಕೊಂಡು ಅಂಗಿಯ ತೋಳು ಮಡಚಿ ತಾವೇ ಉರುಳಿದರು.

ನೆಮ್ಮದಿ ಎರಡೇ ನಿಮಿಷ. ವಿದ್ಯಾರ್ಥಿಗಳು ಇಪ್ಪತ್ತನಾಲ್ಕು ಜನ. ಮೊದಲನೆಯವನು ತೋಳಿಗೆ ಸುತ್ತಿದ ಪಟ್ಟಿಗೆ ಗಾಳಿ ತುಂಬಿ, ಬಿಡುವುದನ್ನೇ ಮರೆತ. ಎರಡನೆಯವಳು ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಂಡೇ ಆಲಿಸಿ ಗಾಬರಿಯಾದಳು.

"ಸರ್, ಏನೂ ಕೇಳಿಸ್ತಿಲ್ಲ. ನೀವು... ಇದೀರಾ?"

"ಇದೀನಮ್ಮ, ಇನ್ನೂ. ಅದನ್ನ ಕಿವಿಗೆ ಹಾಕ್ಕೋ."

ಹನ್ನೆರಡು ಜನ ನೋಡಿ ಹನ್ನೆರಡು ಬಗೆ ಹೇಳಿದರು. ಮೇಷ್ಟ್ರ ರಟ್ಟೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಜಾಣನೊಬ್ಬ ಹಿಂದಿನ ವರ್ಷದ ರೆಕಾರ್ಡ್ ಬುಕ್ ತಂದ. ಅದರಲ್ಲಿ ಅಟೆಂಡರನ ಬಿಪಿ ನೂರಿಪ್ಪತ್ತು–ಎಂಬತ್ತು. ಇಡೀ ತರಗತಿ ಅದನ್ನೇ ಇಳಿಸಿಕೊಂಡಿತು. ಬೇಗ ಮುಗಿದರೆ ಸಾಕೆಂದು ಮೇಷ್ಟ್ರು ಕಂಡೂ ಕಾಣದಂತೆ ಕಣ್ಣು ಮುಚ್ಚಿದರು.

ಮೂಲೆಯ ಹುಡುಗಿಯೊಬ್ಬಳು ಮಾತ್ರ ಮೂರು ಸಲ ನೋಡಿ, "ಸರ್, ನೂರೆಪ್ಪತ್ತು–ನೂರಹತ್ತು ಬರ್ತಿದೆ" ಎಂದಳು.

"ಇಪ್ಪತ್ಮೂರು ಜನಕ್ಕೆ ಇಲ್ಲದ ಕಿವಿ ನಿನಗೊಬ್ಬಳಿಗಾ?" ಎಂದು ಸಿಡುಕಿ, ಅವಳ ಅಂಕೆಗೆ ಕೆಂಪು ಗೆರೆ ಎಳೆದು ತಿದ್ದಿದರು. ಎಲ್ಲ ಪುಸ್ತಕಕ್ಕೂ ಸಹಿ ಗೀಚಿ ಆಫೀಸಿಗೆ ಕಳಿಸಿದರು.

ಎದ್ದು ನಿಂತರೆ ಗೋಡೆಗಳು ನಿಲ್ಲಲಿಲ್ಲ. ಅನುಮಾನ ಬಂದು ತಾವೇ ನೋಡಿಕೊಂಡರು. ನೂರೆಪ್ಪತ್ತು–ನೂರಹತ್ತು! ಹೆದರಿಕೆಯಾಯಿತು, ಆ ಹುಡುಗಿಯ ಮುಖ ನೆನೆದು ನಾಚಿಕೆಯಾಯಿತು. ಆದರೂ ಒಳಗೊಳಗೇ ಒಂದು ಸಂತೋಷ. ಇನ್ನು ರಜೆ ಕೊಡದೆ ಎಲ್ಲಿ ಹೋಗುತ್ತಾರೆ?

ಪ್ರಿನ್ಸಿಪಾಲರ ಮೇಜಿನ ಮೇಲೆ ಆ ಪುಸ್ತಕಗಳೇ ಕೂತಿದ್ದವು.

"ಸರ್, ನನ್ನ ಬಿಪಿ ನೂರೆಪ್ಪತ್ತು!"

ಅವರು ನಿಧಾನವಾಗಿ ಹಾಳೆ ತಿರುವಿದರು. "ಇಪ್ಪತ್ನಾಲ್ಕು ಪುಸ್ತಕದಲ್ಲೂ ನೂರಿಪ್ಪತ್ತೇ ಇದೆಯಲ್ರೀ. ಪೇಷಂಟಿನ ಹೆಸರೂ ನಿಮ್ಮದೇ, ಸಹಿಯೂ ನಿಮ್ಮದೇ. ಒಬ್ಬಳು ತಪ್ಪು ಬರೆದದ್ದನ್ನೂ ನೀವೇ ತಿದ್ದಿದೀರಿ."

"ಅದು... ಹುಡುಗರು ಕಾಪಿ..."

"ಕಾಪಿ ಹೊಡೆದದ್ದಕ್ಕೆ ಸಹಿ ಹಾಕಿದ್ರಾ?"

ಮೇಷ್ಟ್ರು ಮಡಚಿದ್ದ ಅಂಗಿಯ ತೋಳನ್ನು ಮೆಲ್ಲಗೆ ಇಳಿಸಿಕೊಂಡರು.

"ಹೋಗಿ, ಸಂಜೆ ಬ್ಯಾಚಿಗೂ ನೀವೇ ಮಲಗ್ಬಿಡಿ. ಇಷ್ಟು ಆರೋಗ್ಯವಾಗಿರೋ ಪೇಷಂಟ್ ನಮಗೆ ಬೇರೆಲ್ಲಿ ಸಿಗ್ತಾರೆ!"