ಈರುಳ್ಳಿ ನೆಟ್ಟ ಗಡಿಗೆ

ಬೆದ್ರಿ: ಇಲ್ಲೊಂದು ಈರುಳ್ಳಿ ಗಿಡ ಇತ್ತಲ್ಲ, ಎಲ್ಲಿ ಅದು?

ಹನೀಫೆ: ತಿಂದಾಯ್ತು.

ಬೆದ್ರಿ: ತಿಂದಾಯ್ತಾ! ಯಾರು ತಿಂದ್ರು?

ಹನೀಫೆ: ನೀನೇ. ಆಗಸ್ಟ್‌ನಲ್ಲಿ, ಬದನೆಕಾಯಿ ಪಲ್ಯದಲ್ಲಿ. ಚೆನ್ನಾಗಿದೆ ಅಂತ ಎರಡನೇ ಸಲ ಹಾಕಿಸ್ಕೊಂಡೆ.

ಬೆದ್ರಿ: ಅಯ್ಯೋ ಅಲ್ಲಾಹ್! ನನ್ನ ಕೈಯಲ್ಲೇ ತಿನ್ನಿಸಿಬಿಟ್ಯಲ್ಲೇ!

(ತುರ್ಕಿಯಲ್ಲಿ, ವಾನ್ ಎಂಬ ಉಪ್ಪುನೀರಿನ ಸರೋವರದಿಂದ ಸ್ವಲ್ಪ ಮೇಲಿರುವ ಹಳ್ಳಿ. ಅಕ್ಟೋಬರ್ ತಿಂಗಳ ಬೆಳಗ್ಗೆ. ಹನೀಫೆಯ ಹಿತ್ತಲಲ್ಲಿ ಮಣ್ಣು ಅಗೆದು ಐದು ಗಡಿಗೆಗಳನ್ನು ಹೊರಗೆ ಇಟ್ಟಿದೆ. ಎಲ್ಲವೂ ಒಬ್ಬನೇ ಕುಂಬಾರ ಮಾಡಿದ್ದು, ಎಲ್ಲದರ ಬಾಯಿಗೂ ಒಂದೇ ಥರ ದ್ರಾಕ್ಷಿ ಎಲೆ ಮುಚ್ಚಿ ಮಣ್ಣು ಮೆತ್ತಿದೆ. ಗುಡ್ಡದ ಸೊಪ್ಪು ಬೆರೆಸಿ, ಬೇಸಿಗೆ ಶುರುವಿನಲ್ಲಿ ಬೋರಲು ಹಾಕಿ ಹೂತ ಸೊಪ್ಪಿನ ಚೀಸ್ ಇದು. ಬೆದ್ರಿ ಗುದ್ದಲಿ ಊರಿಕೊಂಡು, ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ನಿಂತಿದ್ದಾನೆ. ಮೂವತ್ತು ವರ್ಷ ಮಿನಿಬಸ್ ಓಡಿಸಿ, ಈಗ ಮನೆಯಲ್ಲಿ ಕೂತವನು.)

ಹನೀಫೆ: ಒಂದು ಈರುಳ್ಳಿಗೆ ಇಷ್ಟು ಅಳೋನು ನಮ್ಮಪ್ಪ ಸತ್ತಾಗ ಬಸ್ ಟೈಮ್ ಆಯ್ತು ಅಂತ ಎದ್ದುಹೋಗಿದ್ದೆ.

ಬೆದ್ರಿ: ಅದು ಬರೀ ಈರುಳ್ಳಿ ಅಲ್ಲ ಕಣೇ.

ಹನೀಫೆ: ಮತ್ತೇನು, ಟುಲಿಪ್ ಹೂವಾ? ಚೀಸ್ ಹೂತ ಜಾಗದಲ್ಲಿ ಈರುಳ್ಳಿಗೇನು ಕೆಲಸ ಅಂತ ಕಿತ್ತೆ. ಹೂ ಬಿಟ್ಟು ಹಾಳಾಗ್ತಿತ್ತು.

ಬೆದ್ರಿ: ಸರಿ ಬಿಡು. ಗಡಿಗೆ ಒಯ್ಯೋಕೆ ಈವತ್ತು ಬರಬೇಡ ಅಂತ ಜಲಾಲ್ ಉಸ್ತಾಗೆ ಫೋನ್ ಮಾಡು.

ಹನೀಫೆ: ಯಾಕೆ?

ಬೆದ್ರಿ: ಮಣ್ಣು ಇನ್ನೂ ಹಸಿ ಇದೆ.

ಹನೀಫೆ: ಜುಲೈನಿಂದ ಮಳೆ ಇಲ್ಲ.

ಬೆದ್ರಿ: ಗಾಳಿ ಸರಿಯಿಲ್ಲ.

ಹನೀಫೆ: ಗಾಳಿಗೂ ಚೀಸಿಗೂ ಏನು? ಹಾಯಿದೋಣಿ ನಡೆಸ್ತಿದೀಯಾ? ನನಗೆ ಗೊತ್ತು ನಿನ್ನ ಹುನ್ನಾರ. ಐದೂ ಗಡಿಗೆ ಮನೇಲೇ ಉಳೀಲಿ, ನಾನು ಮಲಗಿದ ಮೇಲೆ ಒಂದೊಂದಾಗಿ ಮುಗಿಸೋಣ ಅಂತ. ಡಾಕ್ಟರ್ ಏನು ಹೇಳಿದ್ರು?

ಬೆದ್ರಿ: ಗೊತ್ತು. ಬಿಪಿ.

ಹನೀಫೆ: ಪೂರ್ತಿ ಹೇಳು.

ಬೆದ್ರಿ: ಬಿಪಿ, ಉಪ್ಪು ಬಿಡು, ಸೊಪ್ಪಿನ ಚೀಸ್ ಅಂತೂ ಮುಟ್ಟಲೇಬೇಡ. ವಾನ್‌ನಲ್ಲಿ ಹುಟ್ಟಿದವನಿಗೆ ಹೇಳೋ ಮಾತಾ ಅದು? ಕಳೆದ ಚಳಿಗಾಲದಿಂದ ಬೆಳಗ್ಗೆ ಎದ್ದರೆ ನೀನು ತಟ್ಟೆಗೆ ಹಾಕೋದೇನು? ಉಪ್ಪಿಲ್ಲದ ಬಿಳಿ ಮುದ್ದೆ. ಗೋಡೆಗೆ ಬಳಿಯೋ ಸುಣ್ಣಕ್ಕೆ ಅದಕ್ಕಿಂತ ರುಚಿ ಇರುತ್ತೆ. ಪಕ್ಕದ ಮನೆಯವರ ಕಿಟಕಿಯಿಂದ ಕಾಡುಬೆಳ್ಳುಳ್ಳಿ ವಾಸನೆ ಬಂದ್ರೆ ನಾನು ಬರೀ ರೊಟ್ಟಿ ಹಿಡ್ಕೊಂಡು ಆ ಕಡೆ ತಿರುಗಿ ತಿಂತೀನಿ. ಗೊತ್ತಾ ನಿನಗೆ?

ಹನೀಫೆ: ಗೊತ್ತು. ಪಕ್ಕದ ಮನೆಯವಳೇ ಹೇಳಿದ್ಲು. ನಿನ್ನ ಗಂಡ ನಮ್ಮ ಕಿಟಕಿ ನೋಡ್ಕೊಂಡು ಯಾಕೆ ರೊಟ್ಟಿ ಅಗೀತಾನೆ ಅಂತ ಕೇಳಿದ್ಲು.

ಬೆದ್ರಿ: ಅಡುಗೆಮನೆ ಕಿಟಕೀಲಿ ನಿನ್ನೆ ರಾತ್ರಿಯಿಂದ ಒಂದು ಬೋಗುಣಿ ಮುಚ್ಚಿಟ್ಟಿದೀಯಲ್ಲ, ಏನದು?

ಹನೀಫೆ: ನಿನಗೆ ಬೇಡದ್ದು. ಮಾತು ತಿರುಗಿಸಬೇಡ.

(ಹೊರಗೆ ಗಾಡಿ ನಿಂತ ಸದ್ದು. ಜಲಾಲ್ ಉಸ್ತಾ ಒಳಗೆ ಬರುತ್ತಾನೆ. ಪಟ್ಟಣದಲ್ಲಿ ಅವನದು ಬೆಳಗಿನ ತಿಂಡಿಯ ದೊಡ್ಡ ಅಂಗಡಿ; ಕಸುಬು ಬಲ್ಲವನೆಂದು ಎಲ್ಲರೂ ಉಸ್ತಾ ಎನ್ನುತ್ತಾರೆ. ಪ್ರತಿ ವರ್ಷ ಹನೀಫೆಯ ಚೀಸ್ ಅಲ್ಲಿಗೇ ಹೋಗುತ್ತದೆ. ರುಚಿ ನೋಡಲು ಬೇಕಾಗುತ್ತದೆಂದು ಜೇಬಿನಲ್ಲಿ ಸದಾ ಒಂದು ತೆಳು ರೊಟ್ಟಿ ಮಡಚಿ ಇಟ್ಟುಕೊಂಡಿರುತ್ತಾನೆ.)

ಜಲಾಲ್: ಸಲಾಮ್ ಬೆದ್ರಿಯಣ್ಣ! ಹನೀಫೆ ಅಕ್ಕ, ನಿಮ್ಮ ಕೈಗೆ ಬರಕತ್ ಇರಲಿ. ಗಿರಾಕಿಗಳು ಒಂದು ವಾರದಿಂದ ಪೀಡಿಸ್ತಿದಾರೆ, ಹನೀಫೆಯವರ ಗಡಿಗೆ ಬಂತಾ ಬಂತಾ ಅಂತ. ಎತ್ತಲಾ?

ಬೆದ್ರಿ: ಕೂತ್ಕೋ, ಚಹಾ ಕುಡಿ.

ಜಲಾಲ್: ಕುಡಿದು ಬಂದೆ.

ಬೆದ್ರಿ: ಇನ್ನೊಂದು ಕುಡಿ. ಹೆಂಡತಿ ಮಕ್ಕಳು ಹೇಗಿದಾರೆ? ಅತ್ತೆ? ಅತ್ತೆಯ ಮಂಡಿನೋವು?

ಜಲಾಲ್: ಅತ್ತೆ ಹೋಗಿ ಎರಡು ವರ್ಷ ಆಯ್ತು. ನೀವೇ ಮಣ್ಣಿಗೆ ಬಂದಿದ್ರಿ. ಏನಣ್ಣ ಸಮಾಚಾರ? ಗಡಿಗೆ ಮುಂದೆ ಗೋಲ್‌ಕೀಪರ್ ಥರ ನಿಂತಿದೀರಿ.

ಬೆದ್ರಿ: ಈ ವರ್ಷ... ಕೊಡೋದು ಬೇಡ ಅಂತ.

ಜಲಾಲ್: ಓಹೋ. ಅರ್ಥ ಆಯ್ತು. ಸರೋವರದ ಪಕ್ಕ ಹೊಸ ಅಂಗಡಿ ತೆಗೆದನಲ್ಲ, ಗಾಜಿನ ಬಾಗಿಲಿನವನು, ಅವನು ಬಂದು ಹೋದನಾ?

ಬೆದ್ರಿ: ಯಾರೂ ಬಂದಿಲ್ಲ! ನಮಗೇ ಬೇಕು.

ಜಲಾಲ್: ಇಬ್ಬರಿಗೆ ಐದು ಗಡಿಗೆಯಾ? ಆಹಾ! ಈಗ ಪೂರ್ತಿ ಅರ್ಥ ಆಯ್ತು. ನೀವೇ ತಿಂಡಿ ಅಂಗಡಿ ಇಡ್ತಿದೀರಿ. ಮಿನಿಬಸ್ ಮಾರಿದ ದಿನವೇ ನನಗೆ ಅನುಮಾನ ಬಂತು. ನಮ್ಮ ಅಂಗಡಿಯಲ್ಲೇ ಕೂತು, ನಮ್ಮ ಚಹಾನೇ ಕುಡಿದು, ಎಷ್ಟು ಕುರ್ಚಿ ಇದೆ ಅಂತ ಎಣಿಸ್ತಾ ಇದ್ರಾ ಅಣ್ಣ?

ಬೆದ್ರಿ: ನಾನ್ಯಾಕೆ ಎಣಿಸಲಿ ಮಾರಾಯ? ನನಗೆ ಒಂದು ಮೊಟ್ಟೆ ಬೇಯಿಸೋಕೆ ಬರಲ್ಲ!

ಹನೀಫೆ: ಅದು ಮಾತ್ರ ನಿಜ.

ಜಲಾಲ್: ಹಾಗಾದ್ರೆ ಕಾರಣ ಹೇಳಿ. ವಲ್ಲಾ, ಕೇಳದೆ ಹೋಗಲ್ಲ.

(ಬೆದ್ರಿ ಹೆಂಡತಿಯ ಮುಖ ನೋಡುತ್ತಾನೆ. ಹನೀಫೆ ತಲೆವಸ್ತ್ರ ಸರಿಮಾಡಿಕೊಂಡು ಆಕಾಶ ನೋಡುತ್ತಾಳೆ.)

ಬೆದ್ರಿ: ಇದರಲ್ಲಿ ಒಂದು ಗಡಿಗೇಲಿ ಉಪ್ಪಿಲ್ಲ.

ಜಲಾಲ್: ಕಮ್ಮಿನಾ?

ಬೆದ್ರಿ: ಕಮ್ಮಿ ಅಲ್ಲ. ಇಲ್ಲ.

ಜಲಾಲ್: ಉಪ್ಪಿಲ್ಲದ ಚೀಸು... ಬೇಸಿಗೆಯಿಡೀ ಮಣ್ಣೊಳಗಾ? ಅಣ್ಣ, ಅದು ಗಡಿಗೆ ಅಲ್ಲ, ಗೋರಿ!

ಬೆದ್ರಿ: ಹಾಗನ್ನಬೇಡ! ಅದರ ಹಿಂದೆ ವಿಜ್ಞಾನ ಇದೆ. ನಮ್ಮ ಮಗಳು ರೋಜ್ದಾ ಅಂಕಾರಾದಲ್ಲಿ ಆಹಾರದ ವಿಷಯ ಓದ್ತಿದಾಳಲ್ಲ, ಅವಳು ಇದೇ ನಮ್ಮ ಗುಡ್ಡದ ಸೊಪ್ಪುಗಳನ್ನ ಪರೀಕ್ಷೆ ಮಾಡ್ತಿದಾಳೆ. ಫೋಟೋ ಕಳಿಸಿದ್ಲು. ಗಾಜಿನ ತಟ್ಟೆ ತುಂಬ ಬ್ಯಾಕ್ಟೀರಿಯಾ, ಮಧ್ಯೆ ಒಂದು ತೊಟ್ಟು ಸೊಪ್ಪಿನ ರಸ. ಆ ತೊಟ್ಟಿನ ಸುತ್ತ ನೋಡಬೇಕು ನೀನು, ಖಾಲಿ ಬಯಲು! ಒಂದು ಬ್ಯಾಕ್ಟೀರಿಯಾನೂ ಹತ್ತಿರ ಸುಳಿದಿಲ್ಲ. ಟ್ರಾಫಿಕ್ ಪೊಲೀಸ್ ನಿಂತ ಸರ್ಕಲ್ ಥರ.

ಜಲಾಲ್: ತಟ್ಟೇಲಿ ಸರಿ ಅಣ್ಣ. ಗಡಿಗೇಲಿ?

ಬೆದ್ರಿ: ಕೇಳು. ಗಾಡಿ ಹೊರಗೆ ನಿಲ್ಲಿಸಿದ್ರೆ ತಗಡಿಗೆ ತುಕ್ಕು ಹಿಡಿಯುತ್ತಲ್ಲ? ಹಾಗೇ ಹಾಲಿನ ಕೊಬ್ಬಿಗೂ ಗಾಳಿ ತಾಗಿ ಒಂಥರಾ ತುಕ್ಕು ಹಿಡಿಯುತ್ತಂತೆ, ಕನರು ವಾಸನೆ ಬರುತ್ತಂತೆ. ಈ ಸೊಪ್ಪಿನಲ್ಲಿ ಇದೆಯಲ್ಲ ಆಂಟಿಆಕ್ಸಿಡೆಂಟ್, ಅದು ತಗಡಿಗೆ ಪೇಂಟ್ ಹೊಡೆದ ಹಾಗೆ. ತುಕ್ಕು ಬರೋಕೆ ಬಿಡಲ್ಲ. ಪೇಟೆಯ ಡಬ್ಬಿ ಆಹಾರಕ್ಕೆ ಹಾಕೋ ಕೆಮಿಕಲ್ ಬದಲು ಇಂಥ ಸೊಪ್ಪು ಹಾಕಬಹುದು ಅಂತ ದೊಡ್ಡ ದೊಡ್ಡವರು ಹೇಳ್ತಿದಾರಂತೆ. ನಮ್ಮ ಅಜ್ಜಿಯರು ಹೇಳದೆ ಮಾಡ್ತಿದ್ರು.

ಹನೀಫೆ: ಅಜ್ಜಿಯರು ಉಪ್ಪೂ ಹಾಕ್ತಿದ್ರು.

ಬೆದ್ರಿ: ಅವರಿಗೆ ಬಿಪಿ ಇರಲಿಲ್ಲ! ನಾನು ಯೋಚನೆ ಮಾಡಿದೆ. ಒಂದು ಕಡೆ ಪೊಲೀಸ್, ಇನ್ನೊಂದು ಕಡೆ ಪೇಂಟ್. ಇನ್ನು ಉಪ್ಪಿಗೇನು ಕೆಲಸ? ನೀನು ತಂಗಿ ಮಗಳ ಬಾಣಂತನಕ್ಕೆ ಹೋದಾಗ ಒಂದು ಗಡಿಗೆ ನಾನೇ ತುಂಬಿದೆ. ಸೊಪ್ಪು ಎರಡರಷ್ಟು. ಕಾಡುಬೆಳ್ಳುಳ್ಳಿ ಹಾಕಿ ಹಾಕಿ ಕೈ ಹಸಿರಾಗಿತ್ತು. ಗುರುತಿಗೆ ಮೇಲೊಂದು ಈರುಳ್ಳಿ ನೆಟ್ಟೆ.

ಜಲಾಲ್: ಈರುಳ್ಳಿ ಎಲ್ಲಿ?

ಬೆದ್ರಿ: (ಹೊಟ್ಟೆ ಮುಟ್ಟಿಕೊಂಡು) ಇಲ್ಲಿ.

ಹನೀಫೆ: ಬೇಸಿಗೆಯೆಲ್ಲ ನನ್ನ ಮುಖ ನೋಡ್ಕೊಂಡು ಸುಮ್ನಿದ್ಯಲ್ಲ ಬೆದ್ರಿ.

ಬೆದ್ರಿ: ನಿನ್ನ ಹೆಸರು ಕೆಡಬಾರದು ಅಂತಲೇ ಈಗ ಬಾಯಿ ಬಿಟ್ಟೆ ಕಣೇ. ನನ್ನ ಗಡಿಗೆ ಅವನ ಅಂಗಡಿಗೆ ಹೋಗಿ, ಯಾರಾದ್ರೂ ತಿಂದು ಹೊಟ್ಟೆ ಹಿಡ್ಕೊಂಡು ಬಿದ್ರೆ? ಹನೀಫೆಯ ಚೀಸ್ ಅಂತ ತಾನೇ ಎಲ್ಲರೂ ಹೇಳೋದು.

(ಹನೀಫೆ ಬೀನ್ಸ್ ಬುಟ್ಟಿ ಎಳೆದುಕೊಂಡು ಗಡಿಗೆಗಳ ಪಕ್ಕ ಕೂರುತ್ತಾಳೆ.)

ಜಲಾಲ್: ಹಾಗಾದ್ರೆ ಒಂದೊಂದೇ ತೆಗೆದು ನೋಡೋಣ. ಬೇರೆ ದಾರಿ ಇಲ್ಲ. ಅಣ್ಣ, ಕರವಸ್ತ್ರ ಇದೆಯಾ?

(ಜಲಾಲ್ ಮೊದಲ ಗಡಿಗೆಯ ಮಣ್ಣು ಕೆರೆಯುತ್ತಾನೆ. ಬೆದ್ರಿ ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ವಾಲ್‌ನಟ್ ಮರದ ಹಿಂದೆ ನಿಲ್ಲುತ್ತಾನೆ.)

ಜಲಾಲ್: ಇದು ಚಿನ್ನ.

ಬೆದ್ರಿ: (ಮರದ ಹಿಂದಿನಿಂದ) ನನ್ನದಲ್ಲ!

ಜಲಾಲ್: ಇದೂ ಚಿನ್ನ.

ಬೆದ್ರಿ: ಅದೂ ನನ್ನದಲ್ಲ!

ಹನೀಫೆ: ಚೆನ್ನಾಗಿರೋದೆಲ್ಲ ನಿನ್ನದಲ್ಲ ಅಂತ ಪ್ರತಿ ಸಲ ಕೂಗಬೇಕಾ? ನಮಗೆ ಗೊತ್ತು.

(ಮೂರನೆಯದೂ ನಾಲ್ಕನೆಯದೂ ಚೆನ್ನಾಗಿವೆ. ಉಳಿದದ್ದು ಒಂದೇ. ಜಲಾಲ್ ತಾನೂ ಹಿಂದೆ ಸರಿದು, ಗುದ್ದಲಿಯ ತುದಿಯಿಂದ ದೂರದಲ್ಲೇ ನಿಂತು ಮಣ್ಣು ಒಡೆಯುತ್ತಾನೆ. ಹನೀಫೆ ಮಾತ್ರ ಪಕ್ಕದಲ್ಲೇ ಕೂತು ಬೀನ್ಸ್ ಬಿಡಿಸುತ್ತಿದ್ದಾಳೆ.)

ಜಲಾಲ್: ಬಿಸ್ಮಿಲ್ಲಾ... ಅಕ್ಕ, ದೂರ ಹೋಗಿ!... ಅರೆ.

ಬೆದ್ರಿ: ಏನಾಯ್ತು? ಸತ್ತಿದೆಯಾ?

ಜಲಾಲ್: ವಾಸನೆ ಇಲ್ಲ ಅಣ್ಣ. ಅಂದ್ರೆ, ಇದೆ. ಒಳ್ಳೇ ವಾಸನೆ. ಹುಳ ಇಲ್ಲ, ಬೂಸ್ಟಿಲ್ಲ. ಕಲ್ಲಿನ ಹಾಗೆ ಗಟ್ಟಿ ಇದೆ!

(ಬೆದ್ರಿ ಕರವಸ್ತ್ರ ಕಿತ್ತೆಸೆದು ಓಡಿ ಬರುತ್ತಾನೆ.)

ಬೆದ್ರಿ: ನೋಡಿದ್ಯಾ? ನೋಡಿದ್ಯಾ ಹನೀಫೆ? ಗೋರಿ ಅಂದನಲ್ಲ ಇವನು! ಬರೀ ಸೊಪ್ಪು! ಗುಡ್ಡದ ಸೊಪ್ಪು! ಉಸ್ತಾ, ಬೋರ್ಡ್ ಬರೆಸು, ಬೆದ್ರಿಯವರ ಉಪ್ಪಿಲ್ಲದ ಚೀಸ್ ಅಂತ. ಬಿಪಿ ಇರೋರೆಲ್ಲ ಸಾಲು ನಿಲ್ತಾರೆ. ತಡಿ, ಮಗಳಿಗೆ ಹೇಳಬೇಕು. ಅವಳ ಓದಿಗೆ ಸಾಕ್ಷಿ ಸಿಕ್ತು!

(ಫೋನ್ ಹಚ್ಚಿ ಸ್ಪೀಕರ್ ಹಾಕುತ್ತಾನೆ. ಆ ಕಡೆ ರಿಂಗ್ ಆಗುತ್ತಿರುವಾಗಲೇ, ಕಳೆದ ಚಳಿಗಾಲದಿಂದ ಕಾದ ಬಾಯಿಗೆ ಮುಷ್ಟಿಯಷ್ಟು ದೊಡ್ಡ ತುಂಡು ತುಂಬಿಕೊಳ್ಳುತ್ತಾನೆ. ಎರಡು ಸಲ ಅಗಿಯುತ್ತಾನೆ. ಮುಖ ಮೊದಲು ಕೆಂಪಾಗಿ, ಆಮೇಲೆ ಹಿಂಡಿದ ನಿಂಬೆಹಣ್ಣಿನಂತಾಗುತ್ತದೆ.)

ಬೆದ್ರಿ: ಥೂ! ಥೂ! ನೀರು! ನೀರು ಕೊಡೇ!

ಜಲಾಲ್: (ರೊಟ್ಟಿಯ ತುದಿಗೆ ಚೂರು ಹಚ್ಚಿ ನೋಡಿ, ಕೆಮ್ಮಿ) ಅಕ್ಕ, ವಾನ್ ಸರೋವರದ ನೀರೇ ಇದಕ್ಕಿಂತ ಸಪ್ಪೆ. ಇದು ಉಪ್ಪು ಹಾಕಿದ ಚೀಸ್ ಅಲ್ಲ. ಚೀಸ್ ಹಾಕಿದ ಉಪ್ಪು.

ಬೆದ್ರಿ: ನಾನು ಒಂದು ಹರಳೂ ಹಾಕಿಲ್ಲ! ಅಲ್ಲಾಹನಾಣೆ!

ಹನೀಫೆ: ನೀನು ಹಾಕಿಲ್ಲ. ನಾನು ಹಾಕಿದೆ. ಬಾಣಂತನ ಮುಗಿಸಿ ಬಂದ ದಿನ ನೋಡಿದ್ರೆ ಉಪ್ಪಿನ ಚೀಲ ಬಿಟ್ಟುಹೋದ ಹಾಗೇ ಇದೆ, ಚೀಸ್ ಮಣ್ಣಲ್ಲಿ ಈರುಳ್ಳಿ ನಿಂತಿದೆ. ನನಗೇನು ಕಣ್ಣಿಲ್ವಾ? ಅಗೆದೆ, ಕಲಸಿದೆ, ಉಪ್ಪು ಹಾಕಿ ಹೂತೆ, ಈರುಳ್ಳಿ ಇದ್ದ ಹಾಗೇ ನೆಟ್ಟೆ. ನೀನಾಗೇ ಹೇಳ್ತೀಯ ಅಂತ ಕಾದೆ. ಆದ್ರೆ ನಾನು ಹಾಕಿದ್ದು ಅಳತೆಯ ಉಪ್ಪು ಉಸ್ತಾ. ಇಷ್ಟು ಉಪ್ಪಾಗೋಕೆ ಸಾಧ್ಯವೇ ಇಲ್ಲ.

ಫೋನಿನಿಂದ ರೋಜ್ದಾ: ಹಲೋ ಅಪ್ಪಾ? ಯಾವ ಉಪ್ಪು? ಗಡಿಗೆ ತೆಗೆದ್ರಾ?

ಬೆದ್ರಿ: ರೋಜ್ದಾ! ನಿಮ್ಮಮ್ಮ ನನ್ನ ಗಡಿಗೆಗೆ ಕದ್ದು ಉಪ್ಪು ಹಾಕಿದಾಳೆ!

ರೋಜ್ದಾ: ಅಮ್ಮನೂ ಹಾಕಿದಾಳಾ?

(ಹನೀಫೆಯ ಕೈಯಿಂದ ಬೀನ್ಸ್ ಜಾರುತ್ತದೆ.)

ಹನೀಫೆ: ಅಮ್ಮನೂ ಅಂದ್ರೆ? ಏ ಹುಡುಗಿ!

ರೋಜ್ದಾ: ಅಪ್ಪ ಫೋನಲ್ಲಿ ಹೇಳಿದ್ರಮ್ಮ, ಉಪ್ಪಿಲ್ಲದೆ ಹೂತಿದೀನಿ, ಮೇಲೆ ಈರುಳ್ಳಿ ಇದೆ, ಅಮ್ಮನಿಗೆ ಹೇಳಬೇಡ ಅಂತ. ನನಗೆ ನಿದ್ದೆ ಬರಲಿಲ್ಲ. ಬಕ್ರೀದ್‌ಗೆ ಬಂದಾಗ ನೀವಿಬ್ಬರೂ ಮಾಂಸ ಹಂಚೋಕೆ ಹೋಗಿದ್ರಲ್ಲ, ಆಗ ನಾನು ಹಾಕಿದೆ. ಸಾಲದು ಅನ್ನಿಸಿ ಇನ್ನೊಂದಿಷ್ಟು ಹಾಕಿದೆ.

ಹನೀಫೆ: ರುಚಿ ನೋಡೋಕೆ ನಾಲಿಗೆ ಇರಲಿಲ್ವೇನೇ?

ರೋಜ್ದಾ: ಉಪ್ಪಿಲ್ಲದ ಚೀಸ್ ಅಮ್ಮ, ತಿಂದು ಸಾಯಲಾ? ಭಯ ಆಯ್ತು.

ಬೆದ್ರಿ: ಅಂದ್ರೆ ಈ ಮನೇಲಿ ನಿನ್ನ ಓದನ್ನ ನಂಬಿದವನು ನಾನೊಬ್ಬನೇ! ನೀನೂ ನಂಬಲಿಲ್ಲ!

ರೋಜ್ದಾ: ಅಪ್ಪಾ, ಸೊಪ್ಪು ಸಹಾಯ ಮಾಡುತ್ತೆ ಅಂದಿದ್ದೆ. ಸಹಾಯ. ಎಲ್ಲಾ ಕೆಲಸ ಅದೇ ಮಾಡುತ್ತೆ ಅಂದಿರಲಿಲ್ಲ.

ಹನೀಫೆ: ಅವನಿಗೆ ಆ ವ್ಯತ್ಯಾಸ ಗೊತ್ತಿಲ್ಲಮ್ಮ. ಮದುವೆಯಾದಾಗಿನಿಂದ ಅಡುಗೆಮನೇಲಿ ಸಹಾಯ ಮಾಡ್ತೀನಿ ಅಂತ ಬಾಗಿಲಲ್ಲಿ ನಿಂತಿರ್ತಾನೆ.

(ಜಲಾಲ್ ನಗು ತಡೆಯಲಾರದೆ ನಾಲ್ಕು ಗಡಿಗೆಗಳನ್ನೂ ಗಾಡಿಗೆ ಹೊರುತ್ತಾನೆ. ಐದನೆಯದರ ಮುಂದೆ ಬೆದ್ರಿ ಕುಕ್ಕರಗಾಲಲ್ಲಿ ಕೂತಿದ್ದಾನೆ.)

ಜಲಾಲ್: ಇದನ್ನೇನು ಮಾಡ್ತೀರಿ ಅಣ್ಣ?

ಬೆದ್ರಿ: ಚಳಿಗಾಲದಲ್ಲಿ ರಸ್ತೆ ಮೇಲೆ ಹಿಮ ಬಿದ್ರೆ ಕರಗೋಕೆ ಎರಚ್ತೀನಿ. ಹೋಗು ಮಾರಾಯ. ನನ್ನ ಹಣೇಲಿ ಬರೆದಿರೋದು ಸುಣ್ಣವೇ.

(ಗಾಡಿ ಹೊರಡುತ್ತದೆ. ಹನೀಫೆ ಒಳಗೆ ಹೋಗಿ, ಕಿಟಕಿಯಲ್ಲಿದ್ದ ಬೋಗುಣಿಯನ್ನೂ ಒಂದು ಬಿಸಿ ರೊಟ್ಟಿಯನ್ನೂ ತಂದು ಗಂಡನ ಮುಂದೆ ಇಡುತ್ತಾಳೆ. ಮುಚ್ಚಳ ತೆಗೆದರೆ ತಿಳಿನೀರು. ನೀರಿನೊಳಗೆ ಬೆಂಕಿಪೊಟ್ಟಣದಷ್ಟು ಸೊಪ್ಪಿನ ಚೀಸ್.)

ಬೆದ್ರಿ: ಏನೇ ಇದು?

ಹನೀಫೆ: ಹೋದ ವರ್ಷದ್ದು, ಒಂದು ತುಂಡು ಎತ್ತಿಟ್ಟಿದ್ದೆ. ಕಳೆದ ವಾರ ಔಷಧಿ ತರೋಕೆ ಹೋದಾಗ ಡಾಕ್ಟರನ್ನ ಕೇಳಿದೆ. ಉಪ್ಪೆಲ್ಲ ಬಿಡೋ ಹಾಗೆ ನೀರಲ್ಲಿ ನೆನೆಸಿ, ವಾರಕ್ಕೊಂದು ಸಲ ಇಷ್ಟು ಕೊಡು ಅಂದ್ರು. ರಾತ್ರಿಯೆಲ್ಲ ಎದ್ದೆದ್ದು ನೀರು ಬದಲಾಯಿಸಿದೀನಿ. ಉಪ್ಪು ಹೋಗಿದೆ, ಸೊಪ್ಪು ಅಲ್ಲೇ ಇದೆ. ನಿನ್ನ ಪೊಲೀಸು, ಪೇಂಟು, ಎಲ್ಲಾ ಇದೆ. ತಿನ್ನು.

(ಬೆದ್ರಿ ರೊಟ್ಟಿಯ ಚೂರಿನಲ್ಲಿ ಚೀಸನ್ನು ಜೋಪಾನವಾಗಿ ಸುತ್ತುತ್ತಾನೆ. ಪಕ್ಕದ ಮನೆಯ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾನೆ. ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಾನೆ. ಕಣ್ಣಂಚಿನಲ್ಲಿ ನೀರು. ಹನೀಫೆ ತಲೆವಸ್ತ್ರದ ತುದಿ ಹಿಡಿದು ಕಾಯುತ್ತಾಳೆ.)

ಹನೀಫೆ: ಹೇಗಿದೆ?

ಬೆದ್ರಿ: ಹನೀಫೆ...

ಹನೀಫೆ: ಹೇಳು.

ಬೆದ್ರಿ: ಬೇಜಾರು ಮಾಡ್ಕೋಬೇಡ. ಒಂಚೂರು ಉಪ್ಪು ಬೇಕಿತ್ತು.