ವೆಂಕೋಬರಾಯರ ಎಡಗೈ ಬಂಡಾಯ

ಊರೆಲ್ಲ ‘ಡೈರೆಕ್ಟರ್ ಸಾಹೇಬ್ರು’ ಎಂದು ಕೈಯೆತ್ತಿ ಮುಗಿದರೂ ಹೊಸಪೇಟೆಯ ಚಿತ್ತವಾಡ್ಗಿಯ ಸ್ವಂತ ಮನೆಯಲ್ಲಿ ವೆಂಕೋಬರಾಯರಿಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ತೆಗೆದದ್ದು ಒಂದೇ ಸಿನಿಮಾ, ನಿಜ. ಆದರೆ ಕೊನೆಯ ರೀಲಿಗೆ ಒಂದು ನರಪಿಳ್ಳೆಯೂ ಉಳಿಯದ ಘನಘೋರ ದುರಂತ ಅದು. ಹೆಂಡತಿ ಗಂಗಾಬಾಯಿ ಮಾತ್ರ ಅದನ್ನು ನೋಡಲೇ ಇಲ್ಲ. ಅಳೋದಕ್ಕ ಥೇಟರಿಗ್ಯಾಕ ಹೋಗ್ಬೇಕು, ಮನ್ಯಾಗ ಹಸಿ ಕಟ್ಟಿಗಿ ಒಲಿ ಇಲ್ಲೇನು ಎಂಬುದು ಆಕೆಯ ವಾದ. ಆಕೆಯ ಬಾಯಿಂದ ಒಂದೇ ಒಂದು ಮೆಚ್ಚುಗೆಯ ಮಾತು ಕೇಳಿಬಿಟ್ಟರೆ ಈ ಜನ್ಮ ಸಾರ್ಥಕ ಎಂದು ರಾಯರು ಒಳಗೊಳಗೇ ಕೊರಗುತ್ತಿದ್ದರು.

ಆ ಯೋಗ ಎಂಬತ್ತನಾಲ್ಕನೇ ಇಸವಿಯ ಒಂದು ಮಧ್ಯಾಹ್ನ ಕೂಡಿಬಂತು. ನಿರ್ದೇಶಕರು ತಮಗೆ ಸ್ಫೂರ್ತಿಯಾದ ಚಿತ್ರದ ಬಗ್ಗೆ ಮಾತಾಡುವ ಕಾರ್ಯಕ್ರಮಕ್ಕೆಂದು ರೇಡಿಯೋದ ಅಂಜಿನಯ್ಯನವರು ಟೇಪ್‌ರೆಕಾರ್ಡರ್ ಹೊತ್ತು ಬಂದರು. ಅವರಿಗಿದ್ದ ಕುತೂಹಲ ಒಂದೇ: ರಾಯರ ನಾಯಕ ಎಡಗೈಯಲ್ಲಿ ಉಣ್ಣುತ್ತಾನೆ, ಎಡಗೈಯಲ್ಲಿ ದೇವರಿಗೆ ಹೂ ಏರಿಸುತ್ತಾನೆ, ಎಡಗೈಯಲ್ಲೇ ಮಾವನಿಗೆ ತಾಂಬೂಲ ಕೊಡುತ್ತಾನೆ, ಯಾಕೆ? (ಕಂಪ್ಲಿ ಥೇಟರಿನಲ್ಲಿ ತಾಂಬೂಲ ಕಂಡ ಕೂಡಲೇ ಮುತ್ತೈದೆಯರು ಎದ್ದು ಹೋಗಿದ್ದರು. ಬೆಂಗಳೂರಿನ ಪಂಡಿತರು ಮಾತ್ರ ‘ವ್ಯವಸ್ಥೆಯ ವಿರುದ್ಧ ಮೌನ ಬಂಡಾಯ’ ಎಂದು ಬರೆದಿದ್ದರು.)

ರಾಯರು ಅಡುಗೆಮನೆಗೂ ಕೇಳಿಸುವ ಹಾಗೆ ದನಿ ಎತ್ತರಿಸಿದರು. ಹರೆಯದಲ್ಲಿ ಕಂಪ್ಲಿಯ ಟೆಂಟಿನಲ್ಲಿ ಒಂದು ತೆಲುಗು ಚಿತ್ರ ನೋಡಿದ್ದರಂತೆ. ಅದರ ರಾಜ ಎಲ್ಲವನ್ನೂ ಎಡಗೈಯಲ್ಲಿ ಮಾಡುತ್ತಿದ್ದನಂತೆ. ಎಂಥ ಧೈರ್ಯ, ಎಂಥ ದರ್ಶನ, ತಾನು ಕಲಾವಿದನಾದದ್ದೇ ಆ ಕ್ಷಣದಲ್ಲಿ ಎಂದು ಅರ್ಧ ಗಂಟೆ ಕೊರೆದರು.

ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ತಟ್ಟೆ ಹಿಡಿದು ಬಂದ ಗಂಗಾಬಾಯಿ ಅಲ್ಲೇ ನಿಂತಳು.

“ಆ ಪಿಚ್ಚರ್ ನಾ ಹನ್ನೊಂದು ಸಲ ನೋಡೀನಿ. ನಮ್ಮಪ್ಪನ ಜಾಗದಾಗ ಆ ಟೆಂಟ್ ಹಾಕಿದ್ರು. ರಾಜ ಬಲಗೈಲೇ ಉಣ್ತಿದ್ದ.”

“ನಾ ಕಣ್ಣಾರೆ ಕಂಡೀನಿ, ನೀ ಸುಮ್ನಿರು.”

“ಎಲ್ಲೆ ಕೂತಿದ್ರಿ ನೀವು?”

ರಾಯರು ಗಂಟಲು ಸರಿಮಾಡಿಕೊಂಡರು. “ಗದ್ದಲ ಭಾಳ ಇತ್ತು. ಪರದೆ ಹಿಂದ ಕೂಡ್ಸಿದ್ರು.”

ಹೊಸ ಕಾಲುವೆ ನೀರು ಹರಿದು ವರ್ಷಕ್ಕೆ ಎರಡು ಬೆಳೆ ಭತ್ತ ಕಂಡಿದ್ದ ಕಂಪ್ಲಿಯ ಜನ ಆಗ ಸಿನಿಮಾಕ್ಕೆ ಮುಗಿಬೀಳುತ್ತಿದ್ದರು. ಟೆಂಟಿನವನು ಮಿಕ್ಕವರನ್ನು ಪರದೆಯ ಆಚೆ ಮಗ್ಗುಲಿಗೆ ದಬ್ಬುತ್ತಿದ್ದ. ತೆಳ್ಳನೆಯ ಬಟ್ಟೆ, ಚಿತ್ರವೇನೋ ಚೆನ್ನಾಗಿಯೇ ಕಾಣುತ್ತಿತ್ತು.

“ಹಿಂದ ಕೂತ್ರ ಬಲಗೈ ಎಡಗೈ ಆಗೇ ಕಾಣ್ತದ,” ಎಂದಳು ಗಂಗಾಬಾಯಿ. “ಅಕ್ಷರ ಸೈತ ತಿರುವುಮುರುವು ಇರ್ತಾವು. ಅದೂ ತಿಳೀಲಿಲ್ಲೇನು?”

“ತೆಲುಗು ನನಗ ಮೊದಲೇ ಓದಾಕ ಬರೂದಿಲ್ಲ,” ಎಂದರು ರಾಯರು ಸಣ್ಣ ದನಿಯಲ್ಲಿ.

ಟೇಪಿನಿಂದ ಇದಿಷ್ಟನ್ನು ತೆಗೆದುಹಾಕಿರೆಂದು ರಾಯರು ಅಂಗಲಾಚಿದರು. ಅಂಜಿನಯ್ಯನವರು ಆಗಲಿ ಎಂದು ತಲೆಯಾಡಿಸಿದರು, ಭುಜ ಮಾತ್ರ ಕುಲುಕುತ್ತಿತ್ತು. ಭಾನುವಾರ ಓಣಿಯೆಲ್ಲ ರೇಡಿಯೋ ಮುಂದೆ ಕೂತಾಗ ಕತ್ತರಿ ಬಿದ್ದದ್ದು ದರ್ಶನದ ಮಾತಿಗೆ. ಗಂಡಹೆಂಡಿರ ಜಗಳ ಒಂದಕ್ಷರ ಬಿಡದೆ ಬಂತು.

ಆಮೇಲೆ ರಾಯರಿಗೆ ಹೊಸಪೇಟೆಯಲ್ಲಿ ತಲೆಯೆತ್ತಿ ಓಡಾಡುವುದೇ ಕಷ್ಟವಾಯಿತು. ಕಂಪ್ಲಿ ಥೇಟರಿನವರು ರಾಯರ ಸಿನಿಮಾವನ್ನು ಮತ್ತೆ ಹಾಕಿದರು, ಜನ ನುಗ್ಗಿದರು. ಗಂಗಾಬಾಯಿಯೂ ಓಣಿಯ ಹೆಂಗಸರನ್ನೆಲ್ಲ ಬಸ್ಸು ಹತ್ತಿಸಿಕೊಂಡು ಮ್ಯಾಟಿನಿಗೆ ಹೊರಟಳು.

ಸಂಜೆ ಹಿಂತಿರುಗಿದಾಗ ಆಕೆಯ ಕಣ್ಣು ಕೆಂಪಾಗಿತ್ತು, ಸೆರಗು ಒದ್ದೆಯಾಗಿತ್ತು. ಅತ್ತಿದ್ದಾಳೆ, ಅಂತೂ ಅತ್ತಿದ್ದಾಳೆ! ರಾಯರ ಎದೆ ತುಂಬಿ ಬಂತು. ಎದ್ದು ಹೋಗಿ ತಾವೇ ನೀರು ತಂದುಕೊಟ್ಟರು.

ಗಂಗಾಬಾಯಿ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದಳು.

“ನಿಮ್ಮ ಹೀರೋ ಸಾಯೋ ಮುಂದ ಎಡಗೈ ಎತ್ತಿ ಆಶೀರ್ವಾದ ಮಾಡ್ತಾನಲ್ಲ, ಅಯ್ಯಯ್ಯ, ನಕ್ಕು ನಕ್ಕು ಜೀವ ಹೋಗೂದೊಂದು ಬಾಕಿ ಇತ್ತು. ಇಷ್ಟು ಛಲೋ ಮಾಡ್ತೀರಿ ಅಂತ ನನಗ ಗೊತ್ತೇ ಇದ್ದಿಲ್ಲ ನೋಡ್ರಿ.”