ಮೀಸೆ ಹೋಯಿತು, ಅಪ್ಪನೂ ಹೋದ

ಗಡಿಯಾರ ರಿಪೇರಿಯವನು ಮೀಸೆ ಕತ್ತರಿಸಿಕೊಳ್ಳುವಾಗ ಕಣ್ಣಿಗೆ ಅಂಗಡಿಯ ಭೂತಗನ್ನಡಿ ಸಿಕ್ಕಿಸಿಕೊಂಡದ್ದೇ ತಪ್ಪಾಯಿತು. ಎಡಮೀಸೆ ಕೂದಲೆಳೆಯಷ್ಟು ಉದ್ದ ಕಂಡಿತು. ಅಲ್ಲಿಗೆ ಕತ್ತರಿ ಹಾಕಿದ. ಈಗ ಬಲಗಡೆ ಉದ್ದ. ದಿನವೆಲ್ಲ ಮುಳ್ಳು ಸರಿಮಾಡುವ ಕೈ ಸುಮ್ಮನಿದ್ದೀತೇ? ಹತ್ತು ನಿಮಿಷದಲ್ಲಿ ಎರಡೂ ಕಡೆ ಸರಿಸಮವಾಯಿತು. ಮೀಸೆ ಮಾತ್ರ ಇರಲಿಲ್ಲ.

ಹೆಂಡತಿ ನರ್ಸು, ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ನಾಲ್ಕು ವರ್ಷದ ಮಗಳು ಕಣ್ಣುಜ್ಜುತ್ತಾ ಬಂದವಳು ಬಾಗಿಲಲ್ಲೇ ನಿಂತಳು.

"ಅಪ್ಪ ಎಲ್ಲಿ?"

"ನಾನೇ ಕಣಮ್ಮಾ ಅಪ್ಪ."

"ಅಪ್ಪಂಗೆ ಮೀಸೆ ಇದೆ. ನೀನು ಆಂಟಿ."

ಅವನು ಹಾಡಿದ, ಕುಣಿದ, ಕುದುರೆಯಾಗಿ ಬಗ್ಗಿದ. "ಆಂಟಿ ಕುದುರೆ ಚೆನ್ನಾಗಿದೆ" ಎಂದು ಹತ್ತಿ ಕೂತಳೇ ಹೊರತು, ಬಾಯಿತಪ್ಪಿಯೂ ಅಪ್ಪ ಎನ್ನಲಿಲ್ಲ.

ಗದ್ದಲ ಕೇಳಿ ಎದುರುಮನೆ ಟೈಲರಕ್ಕ ಬಂದು ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯಯ್ಯೋ, ಸಿಪ್ಪೆ ಸುಲಿದ ಆಲೂಗಡ್ಡೆ ಆಗಿದೀಯಲ್ಲೋ! ಗಂಡಸರ ಥರ ಒಂದ್ಸಲ ಗದರು, ಗುರುತು ಹಿಡೀತಾಳೆ."

ಗದರಿದ. "ಈ ಆಂಟಿ ಕೆಟ್ಟೋಳು!" ಎಂದು ಮಗಳು ಹೋ ಎಂದು ಅತ್ತಳು.

ಮಹಡಿಮನೆಯ ಹಳೇ ಪೋಸ್ಟ್‌ಮಾಸ್ತರರು ಮೆಟ್ಟಿಲಿಂದಲೇ ಕೂಗಿದರು: "ಏನಾದ್ರೂ ಭಾರ ಎತ್ತಿ ತೋರ್ಸಯ್ಯಾ!"

ತುಂಬಿದ ಸಿಲಿಂಡರ್ ಎತ್ತಿದ. ಸೊಂಟ ಹಿಡಿಯಿತು.

"ಅಮ್ಮನೂ ಎತ್ತುತ್ತಾಳೆ, ಒಂದೇ ಕೈಲಿ" ಎಂದಳು ಮಗಳು.

ಬಗ್ಗಿದವನು ಬಗ್ಗಿದಂತೆಯೇ ಅವಳನ್ನು ಶಿಶುವಿಹಾರಕ್ಕೆ ಕರೆದೊಯ್ದ. ಕತೆ ಕೇಳಿ ಟೀಚರಮ್ಮ ನಕ್ಕರು. "ಗಾಬರಿಯಾಗ್ಬೇಡಿ. ಮನಶ್ಶಾಸ್ತ್ರದಲ್ಲಿ ನಾನು ಓದಿದ್ದೀನಿ. ಕೂದಲು, ಬಟ್ಟೆ ಬದಲಾದ್ರೆ ಗಂಡಸು ಹೆಂಗಸಾಗ್ತಾನೆ ಅಂದ್ಕೊಳ್ಳೋ ವಯಸ್ಸಿದು. ಆರೇಳು ವರ್ಷ ತುಂಬೋ ಹೊತ್ತಿಗೆ ತಾನಾಗೇ ಸರಿಹೋಗುತ್ತೆ."

"ಇನ್ನೂ ಮೂರು ವರ್ಷ ನಾನು ಆಂಟಿನಾ?" ಅವನ ದನಿಯೇ ಕೀರಲಾಯಿತು.

'ಅಪ್ಪಾ' ಎಂಬ ಆ ಒಂದು ಕೂಗಿಲ್ಲದೆ ಮೂರು ಗಂಟೆ ಕಳೆಯುವುದೇ ಅವನಿಗೆ ಕಷ್ಟವಾಗಿತ್ತು. ಅಂಗಡಿ ತೆರೆಯಲೇ ಇಲ್ಲ. ನಾಟಕದ ಸಾಮಾನು ಬಾಡಿಗೆಗೆ ಕೊಡುವವನ ಬಳಿ ಓಡಿದ. ಉಳಿದಿದ್ದುದು ಸೇನಾಪತಿ ವೇಷದ ಮೀಸೆಯೊಂದೇ. ಎರಡು ಅಳಿಲುಗಳು ಮೂಗಿನ ಕೆಳಗೆ ಜಗಳಕ್ಕೆ ನಿಂತಂತಿತ್ತು. ಅಂಟು ಚುರುಚುರು ಉರಿದರೂ ಹಲ್ಲುಕಚ್ಚಿ ಅಂಟಿಸಿಕೊಂಡ. ಮಧ್ಯಾಹ್ನ ಶಿಶುವಿಹಾರದ ಕಾವಲುಗಾರ ಅವನನ್ನು ಕಂಡವನೇ ಎದ್ದು ಸೆಲ್ಯೂಟ್ ಹೊಡೆದ.

ಮಗಳು ಓಡಿ ಬಂದಳು. ಅವನು ಎರಡೂ ಕೈ ಚಾಚಿ ಮಂಡಿಯೂರಿದ. ಒಂದು ಮಾರು ದೂರದಲ್ಲಿ ಅವಳು ಗಕ್ಕನೆ ನಿಂತಳು.

ಹಿಂದೆಯೇ ಟೀಚರಮ್ಮ, ಮುಖದ ತುಂಬ ಹಿಗ್ಗು. "ನಿಮ್ಮ ಸಂಕಟ ನೋಡೋಕಾಗ್ಲಿಲ್ಲ. ಬೆಳಗಿಂದ ಬೊಂಬೆಗೆ ಮೀಸೆ ಬರೆದು, ಅಳಿಸಿ, ಅದೇ ಪಾಠ ಮಾಡ್ದೆ. ನಿಮ್ಮ ಮಗಳಷ್ಟು ಚೆನ್ನಾಗಿ ಕಲಿತೋರು ಇನ್ನೊಬ್ಬರಿಲ್ಲ! ಹೇಳಮ್ಮಾ."

ಮಗಳು ಹತ್ತಿರ ಬಂದು ಅವನ ಕೆನ್ನೆ ಸವರಿ, ಸಮಾಧಾನ ಮಾಡುವವಳಂತೆ ಹೇಳಿದಳು:

"ಮೀಸೆ ಅಂಟಿಸ್ಕೊಂಡ್ರೂ ಹೆಂಗಸು ಹೆಂಗಸೇ, ಆಂಟಿ. ಯಾವತ್ತೂ ಬದಲಾಗಲ್ಲ. ಅಳಬೇಡ, ನಡಿ, ಅಪ್ಪನ್ನ ಹುಡುಕೋಣ."